ಮಗಳಿಗೆ ಇಂಜಿನಿಯರಿಂಗ್ ಸೀಟು: ಬೆಂಗಳೂರೋ, ಬಾಗಲಕೋಟೆಯೋ?

ಚೊಳಚಗುಡ್ಡದಂತಹ ಊರಿನ ನಿಮ್ಮ ಮಗಳು ಸಿಇಟಿ ಬರೆದು ರ‍್ಯಾಂಕ್ ಪಡೆದಿದ್ದಾಳೆ ಎಂದಿಟ್ಟುಕೊಳ್ಳಿ. ಮನೆಯಲ್ಲಿ ಕೂಡಲೇ ಎರಡು ಮಾತು ಏಳುತ್ತವೆ. "ಓದಿಸಿದರೆ ಬೆಂಗಳೂರಲ್ಲೇ ಓದಿಸಬೇಕು" ಎಂದು ಒಬ್ಬರು. "ಹೆಣ್ಣು ಹುಡುಗಿ, ಪರವೂರು ಯಾಕೆ? ಬಾದಾಮಿಯಲ್ಲೇ ಡಿಗ್ರಿ ಮಾಡಲಿ" ಎಂದು ಇನ್ನೊಬ್ಬರು. ಈ ಜಗ್ಗಾಟದಲ್ಲಿ ನಡುವಿನ ದಾರಿ ಯಾರ ಕಣ್ಣಿಗೂ ಬೀಳುವುದಿಲ್ಲ. ಸಹೋದರಿಯರೇ, ಅದನ್ನು ನೀವೇ ತೋರಿಸಬೇಕು.

ಬಾಗಲಕೋಟೆಯ ಬಸವೇಶ್ವರ ಇಂಜಿನಿಯರಿಂಗ್ ಕಾಲೇಜು 1963ರಷ್ಟು ಹಳೆಯದು. ಬಾದಾಮಿಯಿಂದ ರೈಲೂ ಇದೆ, ಬಸ್ಸೂ ಇದೆ. ಅದು ಸ್ವಾಯತ್ತ ಕಾಲೇಜು. ಅಂದರೆ ಪ್ರಶ್ನೆಪತ್ರಿಕೆ, ಪರೀಕ್ಷೆ ಅದರದೇ; ಪದವಿ ಕೊಡುವುದು ಮಾತ್ರ ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ. ಬೆಂಗಳೂರಿನ ಬಹಳಷ್ಟು ಕಾಲೇಜುಗಳ ಪದವಿಯೂ ಇದೇ ವಿ.ವಿ.ಯದು. ಹೀಗಿರುವಾಗ ಅಷ್ಟೇನೂ ಹೆಸರಿಲ್ಲದ ಬೆಂಗಳೂರು ಕಾಲೇಜಿನ ಮ್ಯಾನೇಜ್‌ಮೆಂಟ್ ಸೀಟಿಗಾಗಿ ಕೊರಳಿನ ಚಿನ್ನ ಮಾರುವುದು ಯಾವ ಲೆಕ್ಕ? ಇಲ್ಲಿ ಕೆಲವು ವಿಭಾಗಗಳು ಅನುದಾನಿತ, ಅವುಗಳ ಶುಲ್ಕವೂ ಕಡಿಮೆ.

ವಿಜಯಪುರದಲ್ಲಿ ಮುಸ್ಲಿಮ್ ಆಡಳಿತದ ಸೆಕ್ಯಾಬ್ ಕಾಲೇಜಿದೆ. ಹುಬ್ಬಳ್ಳಿಯಲ್ಲಿ 1947ರ ಬಿ.ವಿ.ಬಿ. ಕಾಲೇಜು ಈಗ ಕೆ.ಎಲ್.ಇ. ತಾಂತ್ರಿಕ ವಿಶ್ವವಿದ್ಯಾಲಯವಾಗಿ ತನ್ನದೇ ಪದವಿ ನೀಡುತ್ತದೆ. ಎಲ್ಲಿಗೇ ಹೋಗಲಿ, ಎನ್‌ಬಿಎ ಮಾನ್ಯತೆ ಮಗಳು ಸೇರುವ ವಿಭಾಗಕ್ಕೆ ಇದೆಯೇ ಎಂದು ಕೇಳಿರಿ. ಆ ಮಾನ್ಯತೆ ಸಿಗುವುದು ಇಡೀ ಕಾಲೇಜಿಗಲ್ಲ, ವಿಭಾಗಕ್ಕೆ. ಹಾಸ್ಟೆಲನ್ನು ಮಾತ್ರ ಕಣ್ಣಾರೆ ನೋಡಿ ಬನ್ನಿ, ಫೋಟೋ ನಂಬಬೇಡಿ.

ಈಗ ಸರ್ಟಿಫಿಕೇಟುಗಳ ವಿಷಯ. ನಮ್ಮ ಮಕ್ಕಳು ಹೆಚ್ಚು ಕಳೆದುಕೊಳ್ಳುವುದು ಇಲ್ಲಿಯೇ. ಪ್ರವರ್ಗ 2ಬಿಗೆ ಶೇ. 4 ಮೀಸಲಾತಿ ಇದೆ. 2023ರ ರದ್ದತಿ ಆದೇಶ ಸುಪ್ರೀಂ ಕೋರ್ಟಿನವರೆಗೆ ಹೋಗಿ, ಜಾರಿಯಾಗದೆ ಉಳಿಯಿತು. ನದಾಫ, ಪಿಂಜಾರ ಕುಟುಂಬದವರು ಪ್ರವರ್ಗ 1ಕ್ಕೆ ಸೇರಿದವರು. ಗೊತ್ತಿಲ್ಲದೆ 2ಬಿ ಎಂದು ಬರೆಸಬೇಡಿ. ಒಂದರಿಂದ ಹತ್ತನೆಯವರೆಗೆ ಹಳ್ಳಿಯಲ್ಲೇ ಓದಿದವರಿಗೆ ಶೇ. 15 ಗ್ರಾಮೀಣ ಮೀಸಲು, ಅಷ್ಟೂ ವರ್ಷ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ. 5. ಹೈಸ್ಕೂಲಿಗೆಂದು ಬಾದಾಮಿ ಪಟ್ಟಣಕ್ಕೆ ಸೇರಿಸಿದರೆ ಗ್ರಾಮೀಣ ಹಕ್ಕು ಹೋಯಿತೆಂದೇ ತಿಳಿಯಿರಿ. ಚಿಕ್ಕ ಮಕ್ಕಳಿರುವ ತಾಯಂದಿರು ಇದನ್ನು ಈಗಲೇ ನೆನಪಿಡಬೇಕು. ಇಳಕಲ್ಲಿನ ಪಕ್ಕದ ಕುಷ್ಟಗಿಯವರಿಗೆ ಸಿಗುವ 371(ಜೆ) ಸೌಲಭ್ಯ ಮಾತ್ರ ಬಾಗಲಕೋಟೆ ಜಿಲ್ಲೆಗಿಲ್ಲ.

ಹಿಂದಿನ ವರ್ಷದ ಕಟ್‌ಆಫ್ ಪಟ್ಟಿ ನೋಡುವಾಗ ಜಿಎಂ ಕಾಲಂ ನೋಡಿ ಎದೆಗುಂದಬೇಡಿ. 2ಬಿಜಿ, 2ಬಿಆರ್, 2ಬಿಕೆ ಎಂಬ ಕಾಲಂಗಳಿರುತ್ತವೆ. ಅವು ಕ್ರಮವಾಗಿ 2ಬಿ ಸಾಮಾನ್ಯ, ಗ್ರಾಮೀಣ, ಕನ್ನಡ ಮಾಧ್ಯಮ. ನಿಮ್ಮ ಮಗಳ ಸ್ಥಾನ ಅಲ್ಲಿದೆ.

ಇನ್ನು ಆಪ್ಶನ್ ಎಂಟ್ರಿ. "ಸಿಗುವುದನ್ನೇ ಮೊದಲು ಬರೆಯಿರಿ" ಎನ್ನುವವರ ಮಾತು ಕೇಳಬೇಡಿ. ಮೇಲಿನದು ಸಿಗದಿದ್ದರೆ ತಾನೇ ಕೆಳಗಿನದಕ್ಕೆ ಬರುವುದು? ಆಸೆಯ ಕಾಲೇಜು ಮೇಲೇ ಇರಲಿ. ಆದರೆ ಕಳಿಸಲು ಮನಸ್ಸಿಲ್ಲದ ಊರನ್ನು ಪಟ್ಟಿಗೇ ಹಾಕಬೇಡಿ. ಸೀಟು ಬಂದ ಮೇಲೆ "ಬೇಡ" ಎಂದರೆ ಹುಡುಗಿಯ ಮನಸ್ಸು ಮುರಿಯುತ್ತದೆ. ಆದ್ದರಿಂದ ಆ ಮಾತುಕತೆ ಮಗಳನ್ನು ಕೂರಿಸಿಕೊಂಡು ಮೊದಲೇ ಮುಗಿಯಲಿ. ಸಿಇಟಿ ಮೂಲಕ ಸೀಟು ಪಡೆದವರಿಗೆ ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ 'ಅರಿವು' ಸಾಲವೂ ಇದೆ ಎಂಬುದನ್ನು ಮನೆಯ ಗಂಡಸರಿಗೆ ಹೇಳಿ.

ಪಟ್ಟಿಯನ್ನು ಮಗಳೇ ಕೂತು ತುಂಬಲಿ. ಸೈಬರ್ ಅಂಗಡಿಯಲ್ಲಿ ಪಾಸ್‌ವರ್ಡ್ ಬರೆದಿಟ್ಟು ಬರಬೇಡಿ. ಅಭ್ಯರ್ಥಿಗಳ ಪಾಸ್‌ವರ್ಡ್ ಬಳಸಿ ಸೀಟು ಬ್ಲಾಕ್ ಮಾಡಿದ ಪ್ರಕರಣ 2024ರಲ್ಲಿ ಪೊಲೀಸ್ ಠಾಣೆಯ ಮೆಟ್ಟಿಲೇರಿತ್ತು.