ಹಳೇ ಗೇಮಿಗೆ ಎಂಥ ಕಂಟ್ರೋಲರ್?

ಪ್ರಶ್ನೆ: ಕಂಪ್ಯೂಟರಿನಲ್ಲಿ ಎಮ್ಯುಲೇಟರ್ ಹಾಕಿಕೊಂಡು ಮಾರಿಯೊ, ಕಾಂಟ್ರಾ ಆಡುತ್ತೇನೆ. ಕೀಬೋರ್ಡ್ ಕೈಗೆ ಒಗ್ಗುತ್ತಿಲ್ಲ. ಯಾವ ಕಂಟ್ರೋಲರ್ ಕೊಳ್ಳಲಿ?

ಉತ್ತರ: ಈ ಆಟಗಳಿಗೆ ದುಬಾರಿಯದು ಬೇಡವೇ ಬೇಡ. ಇವು 1983ರಲ್ಲಿ ಜಪಾನಿನಲ್ಲಿ ಬಂದ ನಿಂಟೆಂಡೊದ ಗೇಮ್ ಯಂತ್ರ ಫ್ಯಾಮಿಕಾಮ್ ಕಾಲದವು. (90ರ ದಶಕದಲ್ಲಿ ನಮ್ಮ ಟಿವಿಗಳಿಗೆ ಸಿಕ್ಕಿಸುತ್ತಿದ್ದ ಕ್ಯಾಸೆಟ್ ಗೇಮುಗಳು ಬಹುಪಾಲು ಅದರದೇ ನಕಲು.) ಆಡಲು ಬೇಕಾದದ್ದು ಕೂಡಿಸುವ ಚಿಹ್ನೆಯಂಥ ಡಿ-ಪ್ಯಾಡ್ ಮತ್ತು ಎರಡು ಬಟನ್. ಆದ್ದರಿಂದ ಮೊದಲು ಡಿ-ಪ್ಯಾಡನ್ನೇ ಪರೀಕ್ಷಿಸಿ. ಬರೀ ಬಲಕ್ಕೆ ಒತ್ತಿದಾಗ ಅದು ಮೇಲಕ್ಕೂ ತಗುಲಿದರೆ ಕಾಂಟ್ರಾದಲ್ಲಿ ನೇರ ಹೋಗಬೇಕಾದ ಗುಂಡು ಓರೆಯಾಗಿ ಹಾರುತ್ತದೆ. ಅಗ್ಗದ ಪ್ಯಾಡ್‌ಗಳು ಕೈಕೊಡುವುದು ಇಲ್ಲೇ. ಸೂಪರ್ ಫ್ಯಾಮಿಕಾಮ್ ಮಾದರಿಯ ಯುಎಸ್‌ಬಿ ಪ್ಯಾಡ್ ನಿಮಗೆ ಧಾರಾಳ ಸಾಕು.

ಮುಂದೆ ಪ್ಲೇಸ್ಟೇಷನ್ 2ರ ಆಟಗಳ ಆಸೆ ಇದ್ದರೆ ಎರಡು ಅನಲಾಗ್ ಸ್ಟಿಕ್ ಬೇಕು. ಆಗ ಎಕ್ಸ್‌ಬಾಕ್ಸ್ ಪ್ಯಾಡ್ ಒಳ್ಳೆಯದು, ವಿಂಡೋಸ್ ಅದನ್ನು ತಾನಾಗಿಯೇ ಗುರುತಿಸುತ್ತದೆ. ಆದರೆ ನಿಂಟೆಂಡೊದಲ್ಲಿ ಬಲಕ್ಕಿರುವ 'ಎ' ಬಟನ್ ಇದರಲ್ಲಿ ಕೆಳಗಿರುತ್ತದೆ. ಹೆಸರು ನೋಡಿ ಹೊಂದಿಸಿದರೆ ಬೆರಳಿಗೆ ಗೊಂದಲ, ಜಾಗ ನೋಡಿಯೇ ಹೊಂದಿಸಿ.

ತಲೆನೋವು ನಿಂಟೆಂಡೊ 64ರದು. ಅದರ ನಾಲ್ಕು 'ಸಿ' ಬಟನ್‌ಗಳ ಕೆಲಸವನ್ನು ಸಾಮಾನ್ಯವಾಗಿ ಬಲಗಡೆಯ ಸ್ಟಿಕ್ಕಿಗೆ ವಹಿಸುತ್ತಾರೆ. ಸೂಪರ್ ಮಾರಿಯೊ 64ರಲ್ಲಿ ಅವು ಕ್ಯಾಮೆರಾ ತಿರುಗಿಸಲು ಇರುವುದರಿಂದ ತೊಂದರೆಯಿಲ್ಲ. ಜೆಲ್ಡಾದಲ್ಲಿ ಬಿಲ್ಲು-ಬಾಂಬು ತೆಗೆಯಲು ಅವೇ ಬೇಕು, ಅಲ್ಲಿ ಸ್ಟಿಕ್ ರೇಜಿಗೆ ಹಿಡಿಸುತ್ತದೆ.

ವೈರ್ ಇರುವುದನ್ನೇ ಕೊಳ್ಳಿ. ಎಮ್ಯುಲೇಟರ್ ಈಗಾಗಲೇ ಕೊಂಚ ತಡ ಮಾಡುತ್ತದೆ, ಬ್ಲೂಟೂತ್ ಅದಕ್ಕೆ ಇನ್ನಷ್ಟು ಸೇರಿಸಬಹುದು.