ಮುಲುಂಡ್‌ಗೆ ‘ನಲ್ಲಿ’ ಅಂಟಿದಾಗ

ಮುಲುಂಡ್ ಪೂರ್ವದ ನಮ್ಮ ಬಳಗದ ಯಕ್ಷಗಾನಕ್ಕೆ ಕರೆಯೋಲೆ ಬರೆಯುವ ಕೆಲಸ ಈ ಸಲ ನನ್ನ ಪಾಲಿಗೆ ಬಂತು. ಊರಿನ ಹೆಸರು ವಾಲಿದ ಅಕ್ಷರದಲ್ಲಿರಲಿ ಎಂದು ಅದರ ಎರಡೂ ಬದಿಗೆ ಅಡಿಗೆರೆ ಹಾಕಿದೆ: _ಮುಲುಂಡ್_ನಲ್ಲಿ. ಅಕ್ಷರ ವಾಲಲಿಲ್ಲ, ಗೆರೆಗಳು ಮಾತ್ರ ಕೂತಲ್ಲೇ ಕೂತಿದ್ದವು. ಗೆರೆ ಅಳಿಸಿ ನಕ್ಷತ್ರ ಹಾಕಿದೆ: *ಮುಲುಂಡ್*ನಲ್ಲಿ. ತಕ್ಷಣ ವಾಲಿತು. ತಕರಾರು ಇದ್ದದ್ದು ‘ನಲ್ಲಿ’ಯದು. ಮುಂಬೈಯವರ ನಿತ್ಯದ ನೀರಿನ ನಲ್ಲಿಯಲ್ಲ, ಸಪ್ತಮಿ ವಿಭಕ್ತಿಯದು.

ಈ ಚಿಹ್ನೆಗಳ ಏರ್ಪಾಟಿಗೆ ಮಾರ್ಕ್‌ಡೌನ್ ಎಂದು ಹೆಸರು. 2004ರಲ್ಲಿ ಅಮೆರಿಕದ ಜಾನ್ ಗ್ರೂಬರ್ ಹೊರತಂದದ್ದು. ರೂಪಿಸುವಾಗ ಆರನ್ ಸ್ವಾರ್ಟ್ಜ್ ನೆರವಾಗಿದ್ದರು. ಜಾಲಪುಟದ ಎಚ್‌ಟಿಎಂಎಲ್‌ನಲ್ಲಿ ಒಂದು ಪದ ದಪ್ಪಗಾಗಬೇಕಾದರೆ ಹಿಂದೆ ಮುಂದೆ ಕೋನಾವರಣದ ಪಟ್ಟಿ ಕಟ್ಟಬೇಕು, ಬರೆದವರಿಗೇ ಓದಲು ಕಷ್ಟ. ಇಮೇಲ್‌ನಲ್ಲಿ ಒತ್ತಿ ಹೇಳಲು ಜನ ಮೊದಲೇ ನಕ್ಷತ್ರ, ಗೆರೆ ಹಾಕುತ್ತಿದ್ದರು. ಗ್ರೂಬರ್ ಆ ರೂಢಿಯನ್ನೇ ಎತ್ತಿಕೊಂಡು, ಅದನ್ನು ಎಚ್‌ಟಿಎಂಎಲ್‌ಗೆ ತಿರುಗಿಸುವ ಪುಟ್ಟ ತಂತ್ರಾಂಶ ಬರೆದರು.

ತಂತ್ರಾಂಶಕ್ಕೆ ಅರ್ಥ ಗೊತ್ತಿಲ್ಲ. ಹೌಸಿಂಗ್ ಸೊಸೈಟಿಯ ವಾಚ್‌ಮನ್‌ನಂತೆ ಅದು ಅಕ್ಕಪಕ್ಕ ಯಾರಿದ್ದಾರೆಂದು ನೋಡುತ್ತದೆ, ಅಷ್ಟೇ. ನಕ್ಷತ್ರದ ಎಡಕ್ಕೆ ಖಾಲಿ, ಬಲಕ್ಕೆ ಅಕ್ಷರ ಇದ್ದರೆ ಅದು ತೆರೆಯುವ ಬಾಗಿಲು. ಅದಲುಬದಲಾದರೆ ಮುಚ್ಚುವ ಬಾಗಿಲು. ಎರಡೂ ಕಡೆ ಖಾಲಿಯಿದ್ದರೆ ಬರೀ ನಕ್ಷತ್ರ. ಎರಡೂ ಕಡೆ ಅಕ್ಷರವಿದ್ದರೆ? ನಕ್ಷತ್ರವಾದರೆ ಬಿಡುತ್ತದೆ, ಗೆರೆಯಾದರೆ ತಡೆಯುತ್ತದೆ. ಪ್ರೋಗ್ರಾಮರುಗಳು ತಾವು ಕೊಡುವ ಹೆಸರುಗಳಲ್ಲಿ ಪದಗಳ ನಡುವೆ ಗೆರೆ ಹಾಕಿ ಜೋಡಿಸುತ್ತಾರಲ್ಲ, ಅವು ಅಕಸ್ಮಾತ್ ವಾಲಿಬಿಡಬಾರದೆಂದು ಈ ಕಟ್ಟುನಿಟ್ಟು. 2014ರಲ್ಲಿ ಬಂದ ಕಾಮನ್‌ಮಾರ್ಕ್ ಎಂಬ ನಿಯಮಾವಳಿ ಇದನ್ನು ಬಿಡಿಸಿ ಬರೆಯಿತು. ಇಂಗ್ಲಿಷಿಗೆ ಇದರಿಂದ ಅಷ್ಟೇನೂ ತೊಂದರೆಯಿಲ್ಲ, ಅಲ್ಲಿ ‘ಇನ್’ ಪದದ ಮುಂದೆ ಬೇರೆಯಾಗಿ ನಿಲ್ಲುತ್ತದೆ. ನಮ್ಮ ವಿಭಕ್ತಿ ಬೆನ್ನಿಗೇ ಅಂಟುತ್ತದೆ.

ಆದರೆ ಯಾವುದು ಅಕ್ಷರ ಎಂದು ಈ ವಾಚ್‌ಮನ್‌ಗೆ ತಿಳಿಯುವುದು ಹೇಗೆ? ಪ್ರೋಗ್ರಾಮಿಂಗ್ ಭಾಷೆಯಾದ ಜಾವಾಸ್ಕ್ರಿಪ್ಟ್‌ನಲ್ಲಿ ‘ಪದದ ಅಕ್ಷರ’ ಎಂಬ ಅರ್ಥಕ್ಕಿರುವ ಸಂಕ್ಷೇಪ ಚಿಹ್ನೆ ರೋಮನ್ ಅಕ್ಷರ, ಅಂಕಿ, ಅಡಿಗೆರೆ ಇಷ್ಟನ್ನೇ ಲೆಕ್ಕಕ್ಕೆ ಹಿಡಿಯುತ್ತದೆ. ಅದರ ಕಣ್ಣಿಗೆ ‘ನ’ ಅಕ್ಷರವೇ ಅಲ್ಲ. ಅದನ್ನು ನಂಬಿ ಬರೆದ ತಂತ್ರಾಂಶದಲ್ಲಿ ನನ್ನ ಮೊದಲ ಸಾಲು ಸರಿಯಾಗಿ ವಾಲಿಬಿಡಬಹುದು! ಅವಮಾನದಿಂದಲೂ ಲಾಭ.

ಇನ್ನು ಕೀಲಿಮಣೆ. ಸರ್ಕಾರಿ ಇನ್‌ಸ್ಕ್ರಿಪ್ಟ್‌ನಲ್ಲಿ ಶಿಫ್ಟ್ ಒತ್ತಿ 8 ಒತ್ತಿದರೆ ನಕ್ಷತ್ರದ ಬದಲು ‘ಶ್ರ’ ಬರುತ್ತದೆ. ಅಡಿಗೆರೆಯ ಜಾಗದಲ್ಲಿ ವಿಸರ್ಗ. ಮಾರ್ಕ್‌ಡೌನ್ ಬರೆಯಬೇಕಾದರೆ ಸಾಲಿಗೆರಡು ಸಲ ಇಂಗ್ಲಿಷಿಗೆ ಜಿಗಿದು ಬರಬೇಕು. ಇದೇ ಮುಂಬೈಯಲ್ಲಿ ಟಾಟಾ ಪ್ರೆಸ್‌ನಲ್ಲಿ ದುಡಿದಿದ್ದ ಕಿನ್ನಿಕಂಬಳ ಪದ್ಮನಾಭ ರಾವ್ ರೂಪಿಸಿದ ವಿನ್ಯಾಸ ಇಡೀ ಕನ್ನಡವನ್ನು ಇಪ್ಪತ್ತಾರು ಕೀಲಿಗಳೊಳಗೇ ಕೂರಿಸಿತು, ಚಿಹ್ನೆಗಳ ತಂಟೆಗೆ ಹೋಗಲಿಲ್ಲ. ನಾನು ಬಳಸುವುದೂ ಅದನ್ನೇ.

ಕರೆಯೋಲೆಯಲ್ಲಿ ಕಡೆಗೆ ವಾಲಿಸುವುದನ್ನೇ ಕೈಬಿಟ್ಟೆ. ದುಂಡಗಿನ ಕನ್ನಡ ಅಕ್ಷರ ವಾಲಿದರೆ ಒತ್ತಕ್ಷರದ ಸಮೇತ ಉರುಳಿ ಬೀಳುವಂತೆ ಕಾಣುತ್ತದೆ. ಆಚೆಗೆರಡು ಈಚೆಗೆರಡು ನಕ್ಷತ್ರ ಇಟ್ಟು ಮುಲುಂಡನ್ನು ದಪ್ಪಗೆ ಮಾಡಿ ಕಳಿಸಿದೆ.