ರಾಮನವಮಿಗೆ ಮೊಮ್ಮಕ್ಕಳ ಕೈಯ ರಸಾಯನ

ರಾಮನವಮಿಯ ಹೊತ್ತಿಗೆ ಮರಿಯಮ್ಮನಹಳ್ಳಿಯಲ್ಲಿ ಬಿಸಿಲು ನೆತ್ತಿ ಸುಡುತ್ತಿರುತ್ತದೆ. ಅಂಥ ದಿನ ಒಲೆ ಹಚ್ಚದೆ ಮಾಡಬಹುದಾದದ್ದು ಬಾಳೆಹಣ್ಣಿನ ರಸಾಯನ, ಬೇಲದ ಹಣ್ಣಿನ ಪಾನಕ. ಬೆಂಕಿಯ ಕೆಲಸವಿಲ್ಲದ್ದರಿಂದ ಮಕ್ಕಳ ಕೈಗೇ ಬಿಡಬಹುದು. ಅಜ್ಜಿ ಪಕ್ಕದಲ್ಲಿ ಕುಳಿತಿದ್ದರೆ ಸಾಕು, ನಡುವೆ ಪಾತ್ರೆ ಕಸಿದುಕೊಳ್ಳಬಾರದು ಅಷ್ಟೆ!

ಬಾಳೆಹಣ್ಣಿಗೆ ದೂರ ಹೋಗಬೇಕಿಲ್ಲ. ಹಂಪಿಯ ತೋಟಗಳಿಗೆ ವಿಜಯನಗರದ ಅರಸರ ಕಾಲದ ತುರ್ತಾ ಕಾಲುವೆ ಇಂದಿಗೂ ನೀರು ಹರಿಸುತ್ತಿದೆ. ಚೆನ್ನಾಗಿ ಕಳಿತ 6 ಸಣ್ಣ ಹಣ್ಣು, ಕಾಲು ಬಟ್ಟಲು ಪುಡಿಬೆಲ್ಲ, ಅಷ್ಟೇ ತೆಂಗಿನ ತುರಿ, 2 ಏಲಕ್ಕಿ ಇರಲಿ. ಕಾಯಿ ತುರಿಯುವುದು ಅಜ್ಜಿಯ ಕೆಲಸ. ಬೆಲ್ಲ, ತುರಿ, ಏಲಕ್ಕಿ ಪುಡಿ ಮೊದಲೇ ಬೆರೆಸಿಡಿ. ಸುಲಿದ ಬಾಳೆಹಣ್ಣು ಗಾಳಿ ತಾಗಿ ಕಪ್ಪಾಗುವುದರಿಂದ ಅದರ ಸರದಿ ಕೊನೆಗೆ. ಚಾಕು ಬೇಡ, ಚಮಚದ ಅಂಚಿನಲ್ಲೇ ಬಿಲ್ಲೆ ಮಾಡಬಹುದು. ಜೇನು ಸೇರಿಸುವವರು ನೆನಪಿಡಿ: ವರ್ಷ ತುಂಬದ ಕೂಸಿಗೆ ಜೇನುತುಪ್ಪ ಕೊಡಬಾರದು.

ಬೇಲದ ಹಣ್ಣಿನಲ್ಲಿ ಆಟವೇ ಇದೆ. ಒಂದಡಿ ಎತ್ತರದಿಂದ ನೆಲಕ್ಕೆ ಬಿಡಿ. ಪುಟಿದರೆ ಕಾಯಿ, ಧೊಪ್ಪೆಂದು ಕೂತರೆ ಹಣ್ಣು. ನಾಟಕದವರ ಊರಲ್ಲವೇ, ಈ ಪರೀಕ್ಷೆಗೂ ಮನೆಮಂದಿಯೆಲ್ಲ ಪ್ರೇಕ್ಷಕರು! ಗುಂಡುಕಲ್ಲಿನಿಂದ ಒಡೆದುಕೊಡುವುದು ಅಜ್ಜನ ಪಾಲು. ತಿರುಳನ್ನು ಬೆಲ್ಲದ ಜೊತೆ 3 ಲೋಟ ನೀರಿನಲ್ಲಿ ಕಿವುಚಿ ಸೋಸಿ, ಚಿಟಿಕೆ ಉಪ್ಪು, ಏಲಕ್ಕಿ ಹಾಕಿದರೆ ಪಾನಕ. ಮೊಣಕೈವರೆಗೆ ಅಂಟಾಗುತ್ತದೆ, ಆಗಲಿ ಬಿಡಿ.

ಕಷ್ಟ ಬರುವುದು ಆಮೇಲೆ.

“ಅಜ್ಜಿ, ಒಂಚೂರು ತಿಂದು ನೋಡ್ಲಾ?”

“ತಡಿಯಪ್ಪಾ, ಮೊದ್ಲು ದೇವ್ರಿಗೆ.”

“ಸಿಹಿ ಕಮ್ಮಿ ಆಗಿದ್ರೆ?”

ಪ್ರಶ್ನೆ ಸರಿಯಾಗಿಯೇ ಇದೆ. ಗದರಿಸಿದರೆ ಮಗು ಎದ್ದುಹೋಗುತ್ತದೆ, ಮುಂದಿನ ವರ್ಷ ಅಡುಗೆಮನೆಗೆ ಬರುವುದಿಲ್ಲ. ಬೆರೆಸುವ ಮೊದಲೇ ಒಂದು ಹಣ್ಣನ್ನು ಬೇರೆ ತೆಗೆದು ತಿನ್ನಿಸಿಬಿಡಿ. ಹಣ್ಣು ಎಷ್ಟು ಸಿಹಿ ಎಂದು ಮಗುವೇ ಹೇಳಲಿ, ಆ ಮಾತಿನ ಮೇಲೆ ಬೆಲ್ಲ ಹೆಚ್ಚೋ ಕಡಿಮೆಯೋ ಆಗಲಿ. ಸಕ್ಕರೆ ಕಾಯಿಲೆಯ ಅಜ್ಜನಿದ್ದರೆ ಬೆಲ್ಲ ಹಾಕದ ಒಂದು ಬಟ್ಟಲು ಬೇರೆಯೇ ಇರಲಿ, ಅದೂ ಅಳತೆಯಲ್ಲಿ.

ಎಲ್ಲ ಬೆರೆತ ಮೇಲೆ ದೇವರ ಮೀಸಲನ್ನು ಸಣ್ಣ ಬಟ್ಟಲಿಗೆ ತೆಗೆದು ಮಗುವಿನ ಕೈಗೇ ಕೊಡಿ. ಮಂಗಳಾರತಿ ಆಗುವವರೆಗೆ ಅದರ ಕಾವಲು ಅವನದು. ಬೆರಳು ಎರಡು ಸಲ ಬಟ್ಟಲಿನ ಅಂಚಿಗೆ ಹೋಗಿ ಹಿಂದೆ ಬಂದಿದ್ದನ್ನು ಅಜ್ಜಿ ನೋಡಿಯೂ ನೋಡದಂತೆ ಇರಬೇಕು.